ಕ್ಯಾಸನೂರಿನ ವೈರಸ್ಸನ್ನು ಹಿಡಿದ ಬಗೆ

ಜೋಗ ನೋಡಲು ಬರುವ ಹೆಚ್ಚಿನವರಿಗೆ ಅದೇ ಸಾಗರ ತಾಲ್ಲೂಕಿನ ಅರಲಗೋಡಿನ ಹೆಸರು ಗೊತ್ತಿರುವುದಿಲ್ಲ. 2018ರ ಕೊನೆಯಿಂದ ಮರುವರ್ಷದ ಬೇಸಿಗೆಯವರೆಗೆ ಆ ಊರಿನ ಸುತ್ತ ಮಂಗಗಳೂ ಸತ್ತವು, ಜ್ವರದಿಂದ ಜನರೂ ಸತ್ತರು. ಮಂಗನ ಕಾಯಿಲೆಯ ಚರಿತ್ರೆ ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದ ಈ ವೈರಸ್ಸನ್ನು 1957ರಲ್ಲಿ ಹಿಡಿದದ್ದು ಹೇಗೆ?

ಆ ವರ್ಷ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜ್ವರವನ್ನು ಮೊದಲು ಟೈಫಾಯ್ಡ್ ಎಂದು ಶಂಕಿಸಲಾಗಿತ್ತು. ಮಂಗಗಳ ಸಾವು ಕಂಡಮೇಲೆ ಇನ್ನೂ ದೊಡ್ಡ ಭಯ ಹುಟ್ಟಿತು: ಏಷ್ಯಾದಲ್ಲಿ ಎಂದೂ ಕಾಣಿಸದ ಹಳದಿ ಜ್ವರ ಇಲ್ಲಿಗೆ ಬಂತೇ? ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಸಂಗಡಿಗರು ಮಲೆನಾಡಿಗೆ ಬಂದರು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಆರಂಭವಾಗಿದ್ದ ಕೇಂದ್ರ ಅದು.

ಸತ್ತ ಪ್ರಾಣಿಯ ಅಂಗಾಂಶದಲ್ಲಿ ವೈರಸ್ಸಿನ ಜೊತೆ ಬ್ಯಾಕ್ಟೀರಿಯಾಗಳೂ ತುಂಬಿರುತ್ತವೆ. ಅವನ್ನು ಕೊಲ್ಲಲು ಮಾದರಿಗೆ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಬೆರೆಸುವುದು ಆ ಕಾಲದ ಪ್ರಯೋಗಾಲಯಗಳ ರೂಢಿ. ಸ್ಟ್ರೆಪ್ಟೊಮೈಸಿನ್ ಮಣ್ಣಿನ ಬ್ಯಾಕ್ಟೀರಿಯಾವೊಂದು ತಯಾರಿಸುವ ವಿಷ. ಅಮೆರಿಕದಲ್ಲಿ 1943ರಲ್ಲಿ ಆಲ್ಬರ್ಟ್ ಶಾಟ್ಜ್ ಅದನ್ನು ಬೇರ್ಪಡಿಸಿದರು. ಅವರ ಗುರು ವಾಕ್ಸ್‌ಮನ್ ಅವರಿಗೆ 1952ರಲ್ಲಿ ನೊಬೆಲ್ ಸಂದಿತು. ಈ ವಿಷ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನು ಮುಟ್ಟುವುದಿಲ್ಲ. ಹೀಗೆ ಶುದ್ಧಗೊಂಡ ದ್ರವವನ್ನು ಇಲಿಮರಿಗಳ ಮಿದುಳಿಗೆ ಚುಚ್ಚುತ್ತಾರೆ. ಮರಿಗಳು ಕಾಯಿಲೆ ಬಿದ್ದರೆ, ಆಂಟಿಬಯಾಟಿಕ್‌ಗೆ ಜಗ್ಗದ ಏನೋ ಅದರಲ್ಲಿ ಉಳಿದಿದೆ ಎಂದರ್ಥ. ಜ್ವರದಿಂದ ಚೇತರಿಸಿಕೊಂಡವರ ರಕ್ತದ್ರವ ಅದನ್ನು ತಡೆದರೆ, ಅದೇ ರೋಗಕಾರಕ ಎಂಬುದಕ್ಕೆ ಬಲ ಬರುತ್ತದೆ.

ಕ್ಯಾಸನೂರಿನಲ್ಲಿ ಸಿಕ್ಕಿದ್ದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಹೊಸ ವೈರಸ್. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಸೌದೆಗೆ, ಸೊಪ್ಪಿಗೆ, ದರಕು ಗುಡಿಸಲು ಕಾಡಿಗೆ ಹೋಗುವವರೇ ಏಕೆ ಹೆಚ್ಚು ಕಾಯಿಲೆ ಬೀಳುತ್ತಾರೆ ಎಂಬುದು ಇದರಿಂದ ತಿಳಿಯಿತು.

ಆದರೆ ವೈರಸ್ಸನ್ನು ಬೇರ್ಪಡಿಸಲು ನೆರವಾದ ಆ ಗುಣವೇ ರೋಗಿಯ ಪಾಲಿಗೆ ಮುಳುವು. ಆಂಟಿಬಯಾಟಿಕ್ ಇದಕ್ಕೆ ನಾಟುವುದಿಲ್ಲ. ರಷ್ಯಾದ ವೈರಸ್ಸಿನ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿದ್ದೂ ಫಲಿಸಲಿಲ್ಲ. ಆಮೇಲೆ ಇಲ್ಲಿನ ವೈರಸ್ಸಿನಿಂದಲೇ ತಯಾರಿಸಿದ ಲಸಿಕೆ ದಶಕಗಳ ಕಾಲ ಬಳಕೆಯಲ್ಲಿತ್ತು. ಅದರ ರಕ್ಷಣೆ ಸಾಲದೆಂದು 2022ರಲ್ಲಿ ಅದೂ ನಿಂತಿತು. ಇಂದು ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ವೈರಸ್ಸನ್ನು ಗುರುತಿಸಬಲ್ಲದು. ಗುರುತಿಸಿದ ಮೇಲೆ ವೈದ್ಯರು ಕೊಡಬಲ್ಲದ್ದು ಮಾತ್ರ ಜ್ವರಕ್ಕೆ ಮಾತ್ರೆ, ಡ್ರಿಪ್, ಬೇಕಾದರೆ ರಕ್ತ ಮತ್ತು ಆರೈಕೆ. ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇನ್ನೂ ಬಂದಿಲ್ಲ.