ವಿಂಬಲ್ಡನ್ ಟೆನಿಸ್ ಪಂದ್ಯಾವಳಿ

ವಿಂಬಲ್ಡನ್ ಟೆನಿಸ್ ಪಂದ್ಯಾವಳಿಯು ಇಂಗ್ಲೆಂಡಿನ ಲಂಡನ್ ನಗರದ ನೈಋತ್ಯ ಭಾಗದಲ್ಲಿರುವ ವಿಂಬಲ್ಡನ್ ಎಂಬಲ್ಲಿ ಪ್ರತಿವರ್ಷ ಜೂನ್-ಜುಲೈ ತಿಂಗಳುಗಳಲ್ಲಿ ಎರಡು ವಾರಗಳ ಕಾಲ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆ. 1877ರಲ್ಲಿ ಆರಂಭವಾದ ಇದು ಜಗತ್ತಿನ ಅತ್ಯಂತ ಹಳೆಯ ಟೆನಿಸ್ ಪಂದ್ಯಾವಳಿಯಾಗಿದೆ. ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್ ಮತ್ತು ಯು.ಎಸ್. ಓಪನ್‌ಗಳೊಂದಿಗೆ ಇದು ನಾಲ್ಕು ಗ್ರ್ಯಾಂಡ್ ಸ್ಲಾಮ್ ಪಂದ್ಯಾವಳಿಗಳಲ್ಲಿ ಒಂದು. ಈ ನಾಲ್ಕರಲ್ಲಿ ಇಂದಿಗೂ ಹುಲ್ಲಿನ ಅಂಕಣದಲ್ಲಿ ನಡೆಯುವುದು ಇದೊಂದೇ. ಹಳೆಯ ಪದ್ಧತಿಗಳನ್ನು ಬಿಡದ ಪಂದ್ಯಾವಳಿಯೆಂದು ಇದನ್ನು ಅಭಿಮಾನಿಗಳು ಮೆಚ್ಚುತ್ತಾರೆ. ಆದರೆ ಆ ಪದ್ಧತಿಗಳಲ್ಲಿ ಹಲವು ಕಾಲಕಾಲಕ್ಕೆ ಬದಲಾಗಿವೆ. ಮುಂಗಡ ಟಿಕೆಟ್ ಇಲ್ಲದ ಸಾಮಾನ್ಯ ಪ್ರೇಕ್ಷಕನೂ ಅಂದೇ ಸಾಲಿನಲ್ಲಿ ನಿಂತು ಒಳಹೋಗಬಹುದೆಂಬ ವ್ಯವಸ್ಥೆ ಮಾತ್ರ ಉಳಿದುಬಂದಿದ್ದು, ಅದು ಈ ಪಂದ್ಯಾವಳಿಯ ಜನಪ್ರಿಯತೆಗೆ ಮುಖ್ಯ ಆಧಾರವಾಗಿದೆ.

ಇತಿಹಾಸ

ಪಂದ್ಯಾವಳಿಯನ್ನು ನಡೆಸುವ ಆಲ್ ಇಂಗ್ಲೆಂಡ್ ಕ್ಲಬ್ 1868ರಲ್ಲಿ ಕ್ರೋಕೆ ಆಟಕ್ಕಾಗಿ ಸ್ಥಾಪನೆಯಾಯಿತು. ಮುಂದೆ ಹುಲ್ಲುಹಾಸಿನ ಮೇಲೆ ಆಡುವ ಟೆನಿಸ್ ಜನಪ್ರಿಯವಾಗಲು, ಕ್ಲಬ್ ತನ್ನ ವೋರ್ಪಲ್ ರಸ್ತೆಯ ಮೈದಾನದಲ್ಲಿ 1877ರ ಜುಲೈ 9ರಂದು ಮೊದಲ ಸ್ಪರ್ಧೆಯನ್ನು ಆರಂಭಿಸಿತು. ಪುರುಷರ ಸಿಂಗಲ್ಸ್ ಮಾತ್ರವಿದ್ದ ಆ ಸ್ಪರ್ಧೆಯಲ್ಲಿ 22 ಮಂದಿ ಆಡಿದರು. ಮಳೆಯ ಕಾರಣ ಮುಂದೂಡಲ್ಪಟ್ಟ ಅಂತಿಮ ಪಂದ್ಯವನ್ನು ತಲಾ ಒಂದು ಷಿಲ್ಲಿಂಗ್ ತೆತ್ತು ಸುಮಾರು 200 ಜನ ನೋಡಿದರು. ಸ್ಪೆನ್ಸರ್ ಗೋರ್ ಮೊದಲ ವಿಜೇತನಾದನು. 1884ರಲ್ಲಿ ಮಹಿಳೆಯರ ಸಿಂಗಲ್ಸ್ ಸೇರ್ಪಡೆಯಾಯಿತು. ಅದರ ಮೊದಲ ಅಂತಿಮ ಪಂದ್ಯದಲ್ಲಿ ಮಾಡ್ ವಾಟ್ಸನ್ ತನ್ನ ಅಕ್ಕ ಲಿಲಿಯನ್ ವಾಟ್ಸನ್‌ಳನ್ನು ಸೋಲಿಸಿದಳು.

1922ರಲ್ಲಿ ಪಂದ್ಯಾವಳಿಯು ಚರ್ಚ್ ರಸ್ತೆಯ ಈಗಿನ ವಿಶಾಲ ಸ್ಥಳಕ್ಕೆ ವರ್ಗವಾಯಿತು. ಎರಡು ಮಹಾಯುದ್ಧಗಳ ಕಾಲದಲ್ಲಿ (1915-18 ಮತ್ತು 1940-45) ಸ್ಪರ್ಧೆ ನಡೆಯಲಿಲ್ಲ. 1940ರ ಅಕ್ಟೋಬರ್‌ನಲ್ಲಿ ಬಾಂಬ್ ಬಿದ್ದು ಸೆಂಟರ್ ಕೋರ್ಟ್‌ನ ಸುಮಾರು 1,200 ಆಸನಗಳು ನಾಶವಾದವು. ಕೋವಿಡ್ ಸಾಂಕ್ರಾಮಿಕದಿಂದಾಗಿ 2020ರಲ್ಲಿಯೂ ಪಂದ್ಯಾವಳಿ ರದ್ದಾಯಿತು.

1967ರವರೆಗೆ ಇಲ್ಲಿ ಹವ್ಯಾಸಿ ಆಟಗಾರರಿಗೆ ಮಾತ್ರ ಪ್ರವೇಶವಿತ್ತು. ಆಟವನ್ನೇ ಜೀವನೋಪಾಯ ಮಾಡಿಕೊಂಡ ಆಟಗಾರರು ಎಷ್ಟೇ ಶ್ರೇಷ್ಠರಾಗಿದ್ದರೂ ಹೊರಗುಳಿಯಬೇಕಾಗಿತ್ತು. 1968ರಲ್ಲಿ ಈ ನಿಷೇಧ ತೆರವಾದಾಗ ರಾಡ್ ಲೇವರ್ ಮತ್ತು ಬಿಲ್ಲಿ ಜೀನ್ ಕಿಂಗ್ ಸಿಂಗಲ್ಸ್ ಪ್ರಶಸ್ತಿಗಳನ್ನು ಪಡೆದರು. 1973ರಲ್ಲಿ ಯುಗೊಸ್ಲಾವಿಯಾದ ನಿಕೋಲಾ ಪಿಲಿಚ್‌ಗೆ ವಿಧಿಸಿದ ಅಮಾನತನ್ನು ಪ್ರತಿಭಟಿಸಿ ಸುಮಾರು 80 ವೃತ್ತಿಪರ ಆಟಗಾರರು ಪಂದ್ಯಾವಳಿಯನ್ನು ಬಹಿಷ್ಕರಿಸಿದರು. ಪ್ರಮುಖರು ಅನೇಕರಿಲ್ಲದಿದ್ದರೂ ಆ ವರ್ಷ ಸುಮಾರು ಮೂರು ಲಕ್ಷ ಪ್ರೇಕ್ಷಕರು ಬಂದರು. ಜನರು ಕೇವಲ ತಾರೆಯರನ್ನಲ್ಲ, ಪಂದ್ಯಾವಳಿಯನ್ನೇ ನೋಡಬಯಸುತ್ತಾರೆಂಬುದಕ್ಕೆ ಇದು ನಿದರ್ಶನವಾಯಿತು.

ಹುಲ್ಲಿನ ಅಂಕಣ

ಒಂದು ಕಾಲದಲ್ಲಿ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಮೂರು ಹುಲ್ಲಿನ ಮೇಲೆಯೇ ನಡೆಯುತ್ತಿದ್ದವು. ಅಮೆರಿಕದ ಪಂದ್ಯಾವಳಿ 1974ರ ನಂತರ, ಆಸ್ಟ್ರೇಲಿಯಾದ್ದು 1987ರ ನಂತರ ಹುಲ್ಲನ್ನು ತೊರೆದವು. ಹುಲ್ಲಿನ ಮೇಲೆ ಚೆಂಡು ತಗ್ಗಾಗಿ ಪುಟಿದು ವೇಗವಾಗಿ ಜಾರುತ್ತದೆ. ಆದ್ದರಿಂದ ಬಿರುಸಾಗಿ ಸರ್ವ್ ಮಾಡಿ, ಬಲೆಯತ್ತ ಧಾವಿಸಿ, ಚೆಂಡು ನೆಲಕ್ಕೆ ತಾಗುವ ಮುನ್ನವೇ ಹೊಡೆಯುವ ‘ಸರ್ವ್ ಅಂಡ್ ವಾಲಿ’ ಶೈಲಿ ಇಲ್ಲಿ ಬಹುಕಾಲ ಮೆರೆಯಿತು.

2001ರಿಂದ ಅಂಕಣಗಳಲ್ಲಿ ಶೇ. 100ರಷ್ಟು ಬಹುವಾರ್ಷಿಕ ರೈ ಹುಲ್ಲನ್ನೇ ಬೆಳೆಸಲಾಗುತ್ತಿದೆ. ಅದಕ್ಕೆ ಮೊದಲು ಶೇ. 30ರಷ್ಟು ಫೆಸ್ಕ್ಯೂ ಜಾತಿಯ ಹುಲ್ಲು ಬೆರೆತಿರುತ್ತಿತ್ತು. ಆಟದ ದಿನಗಳಲ್ಲಿ ಹುಲ್ಲನ್ನು 8 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಲಾಗುತ್ತದೆ. ತುಳಿತವನ್ನು ಹೆಚ್ಚು ತಾಳಿಕೊಳ್ಳುವ ಈ ಹುಲ್ಲು ಹಾಗೂ ಗಟ್ಟಿಯಾದ ನೆಲದಿಂದಾಗಿ ಚೆಂಡಿನ ಪುಟಿತ ಹೆಚ್ಚು ಸಮನಾಯಿತು. ಅಂಕಣದ ಹಿಂಬದಿಯಲ್ಲಿ ನಿಂತು ಆಡುವವರಿಗೆ ಅನುಕೂಲವಾಯಿತು. 2002ರ ಪುರುಷರ ಅಂತಿಮ ಪಂದ್ಯದಲ್ಲಿ ಸೆಣಸಿದ ಲೇಟನ್ ಹೆವಿಟ್ ಮತ್ತು ಡೇವಿಡ್ ನಲ್ಬಾಂದಿಯನ್ ಇಬ್ಬರೂ ಹಿಂಬದಿಯ ಆಟಗಾರರೇ. ಈ ಪರಿವರ್ತನೆಯನ್ನು ನೆಲವೇ ತೋರಿಸುತ್ತದೆ. ಹಿಂದೆ ಎರಡನೆಯ ವಾರದ ಹೊತ್ತಿಗೆ ಬಲೆಯವರೆಗೂ ಹುಲ್ಲು ಸವೆದು ಕಂದುಬಣ್ಣ ತಾಳುತ್ತಿತ್ತು. ಈಗ ಹಿಂಗೆರೆಯ ಆಸುಪಾಸಿನಲ್ಲಿ ಮಾತ್ರ ಹೆಚ್ಚಾಗಿ ಸವೆಯುತ್ತದೆ. ಹಳೆಯ ಶೈಲಿ ಮರೆಯಾಯಿತೆಂದು ಕೆಲವು ಅಭಿಮಾನಿಗಳು ವಿಷಾದಿಸಿದರೆ, ದೀರ್ಘ ರ‍್ಯಾಲಿಗಳಿಂದ ಆಟ ಸೊಗಸಾಯಿತೆಂದು ಇನ್ನು ಕೆಲವರು ಭಾವಿಸುತ್ತಾರೆ.

ಸಂಪ್ರದಾಯಗಳು

ಆಟಗಾರರು ಬಹುತೇಕ ಸಂಪೂರ್ಣ ಬಿಳಿಯ ಉಡುಪನ್ನೇ ಧರಿಸಬೇಕೆಂಬ ನಿಯಮ ಇಲ್ಲಿನ ಪ್ರಸಿದ್ಧ ಕಟ್ಟಳೆ. ಮುಟ್ಟಿನ ದಿನಗಳಲ್ಲಿ ಆಟಗಾರ್ತಿಯರಿಗೆ ಆಗುವ ಆತಂಕವನ್ನು ಗಮನಿಸಿ, 2023ರಿಂದ ಅವರು ಗಾಢ ಬಣ್ಣದ ಒಳಚಡ್ಡಿ ಧರಿಸಲು ಅನುಮತಿ ನೀಡಲಾಯಿತು. ರಾಜಮನೆತನದ ಆಸನಗಳತ್ತ ಆಟಗಾರರು ತಲೆಬಾಗಿ ವಂದಿಸುವ ಪದ್ಧತಿಯನ್ನು 2003ರಲ್ಲಿ ಬಹುಮಟ್ಟಿಗೆ ಕೈಬಿಡಲಾಯಿತು.

ಇತರ ದೊಡ್ಡ ಕ್ರೀಡಾಂಗಣಗಳಿಗೆ ಹೋಲಿಸಿದರೆ ಅಂಕಣದ ಸುತ್ತ ಜಾಹೀರಾತುಗಳು ಅತ್ಯಲ್ಪ. ಪ್ರೇಕ್ಷಕರು ಕೆನೆ ಬೆರೆಸಿದ ಸ್ಟ್ರಾಬೆರಿ ಹಣ್ಣನ್ನು ತಿನ್ನುವುದೂ ವಾಡಿಕೆಯಾಗಿದೆ. 2010ರಿಂದ 2024ರವರೆಗೆ ಒಂದು ಬಟ್ಟಲಿನ ಬೆಲೆ 2.50 ಪೌಂಡ್‌ನಲ್ಲಿಯೇ ಇತ್ತು. 2025ರಲ್ಲಿ ಅದು 2.70 ಪೌಂಡ್ ಆದಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಪಾರಿವಾಳಗಳನ್ನು ಬೆದರಿಸಿ ಓಡಿಸಲು ‘ರೂಫಸ್’ ಎಂಬ ಪಳಗಿದ ಗಿಡುಗವನ್ನು ಬಳಸಲಾಗುತ್ತದೆ. ಪುರುಷರ ಸಿಂಗಲ್ಸ್ ವಿಜೇತರಿಗೆ ತುದಿಯಲ್ಲಿ ಅನಾನಸ್ ಹಣ್ಣಿನ ಆಕೃತಿಯುಳ್ಳ, ಚಿನ್ನದ ಲೇಪನದ ಬೆಳ್ಳಿಯ ಬಟ್ಟಲನ್ನೂ ಮಹಿಳೆಯರ ಸಿಂಗಲ್ಸ್ ವಿಜೇತರಿಗೆ ಬೆಳ್ಳಿಯ ತಟ್ಟೆಯನ್ನೂ ನೀಡಲಾಗುತ್ತದೆ.

ಸರತಿಯ ಸಾಲು

ಸೆಂಟರ್ ಕೋರ್ಟ್‌ನಲ್ಲಿ ಸುಮಾರು 15,000 ಆಸನಗಳಿವೆ. ಬೇಡಿಕೆ ಇದಕ್ಕಿಂತ ಬಹಳ ಹೆಚ್ಚಿರುವುದರಿಂದ 1924ರಿಂದ ಸಾರ್ವಜನಿಕರಿಗೆ ಚೀಟಿ ಎತ್ತುವ ಮೂಲಕ ಟಿಕೆಟ್ ಹಂಚಲಾಗುತ್ತಿದೆ. ಅದೃಷ್ಟ ಒಲಿಯದವರಿಗೆ ಸರತಿಯ ಸಾಲಿನ ಮಾರ್ಗವಿದೆ. ಸೆಂಟರ್ ಕೋರ್ಟ್ (ಕೊನೆಯ ನಾಲ್ಕು ದಿನಗಳನ್ನು ಬಿಟ್ಟು), 1ನೇ ಮತ್ತು 2ನೇ ಅಂಕಣಗಳಿಗೆ ದಿನಕ್ಕೆ ತಲಾ ಸುಮಾರು 500 ಟಿಕೆಟ್‌ಗಳನ್ನು ಅಂದೇ ಬಂದವರಿಗಾಗಿ ಕಾದಿರಿಸಲಾಗುತ್ತದೆ. ಇವಲ್ಲದೆ ಸಣ್ಣ ಅಂಕಣಗಳ ಪಂದ್ಯಗಳನ್ನು ನೋಡಲು ಕಡಿಮೆ ದರದ ಮೈದಾನ ಪ್ರವೇಶ ಟಿಕೆಟ್‌ಗಳಿರುತ್ತವೆ.

ಮುಂದಿನ ಸಾಲಿನ ಆಸನ ಬಯಸುವವರು ಹಿಂದಿನ ದಿನವೇ ಬಂದು ಪಕ್ಕದ ಉದ್ಯಾನದಲ್ಲಿ ಇಬ್ಬರು ಮಲಗುವಷ್ಟು ಸಣ್ಣ ಗುಡಾರ ಹಾಕಿ ರಾತ್ರಿ ಕಳೆಯುತ್ತಾರೆ. ಬಂದ ಕ್ರಮದಲ್ಲಿ ಪ್ರತಿಯೊಬ್ಬರಿಗೂ ದಿನಾಂಕ ಮತ್ತು ಸಂಖ್ಯೆಯುಳ್ಳ ಚೀಟಿ ನೀಡಲಾಗುತ್ತದೆ. ಒಬ್ಬರ ಬದಲು ಮತ್ತೊಬ್ಬರು ಜಾಗ ಹಿಡಿಯುವಂತಿಲ್ಲ. ಹೆಚ್ಚು ಹೊತ್ತು ಜಾಗ ಬಿಟ್ಟುಹೋಗುವಂತಿಲ್ಲ. ಬೇಗ ಮನೆಗೆ ಮರಳುವವರು ಹಿಂದಿರುಗಿಸಿದ ಟಿಕೆಟ್‌ಗಳನ್ನು ಮೈದಾನದ ಒಳಗಿದ್ದವರಿಗೆ ಕಡಿಮೆ ಬೆಲೆಗೆ ಮಾರಿ, ಬಂದ ಹಣವನ್ನು ಧರ್ಮಕಾರ್ಯಗಳಿಗೆ ವಿನಿಯೋಗಿಸಲಾಗುತ್ತದೆ.

ಮುಖ್ಯ ಅಂಕಣದ ಟಿಕೆಟ್ ಸಿಗದವರು ಮೈದಾನದೊಳಗಿನ ಇಳಿಜಾರಿನ ದಿಬ್ಬದ ಮೇಲೆ ಕುಳಿತು ದೊಡ್ಡ ಪರದೆಯಲ್ಲಿ ಆಟ ನೋಡುತ್ತಾರೆ. ಬ್ರಿಟನ್ನಿನ ಟಿಮ್ ಹೆನ್ಮನ್ ಆಡುತ್ತಿದ್ದ ಕಾಲದಲ್ಲಿ ಇದಕ್ಕೆ ‘ಹೆನ್ಮನ್ ಹಿಲ್’ ಎಂಬ ಹೆಸರು ಬಂದಿತು.

1991ರಲ್ಲಿ ಮಳೆಯಿಂದ ಪಂದ್ಯಗಳು ಉಳಿದುಹೋದಾಗ, ಅದುವರೆಗೆ ಬಿಡುವಾಗಿರುತ್ತಿದ್ದ ನಡುವಿನ ಭಾನುವಾರ ಮೊದಲ ಬಾರಿಗೆ ಆಟ ನಡೆಯಿತು. ಅಂದು ಬಂದವರಿಗೆಲ್ಲ ಅಂದಿನ ಟಿಕೆಟ್‌ಗಳನ್ನೇ ಮಾರಿದ್ದರಿಂದ ಸೆಂಟರ್ ಕೋರ್ಟ್ ಸಾಮಾನ್ಯ ಜನರಿಂದ ತುಂಬಿತು. ಆ ದಿನವನ್ನು ‘ಜನತೆಯ ಭಾನುವಾರ’ ಎಂದು ಇಂದಿಗೂ ಸ್ಮರಿಸಲಾಗುತ್ತದೆ.

ಸ್ಮರಣೀಯ ಪಂದ್ಯಗಳು

1980ರ ಅಂತಿಮ ಪಂದ್ಯದಲ್ಲಿ ಬ್ಯೋನ್ ಬೋರ್ಗ್ ನಾಲ್ಕನೇ ಸೆಟ್‌ನ ಟೈಬ್ರೇಕರ್‌ನ್ನು ಜಾನ್ ಮೆಕೆನ್ರೊಗೆ 16-18ರಿಂದ ಬಿಟ್ಟುಕೊಟ್ಟರೂ ಐದನೇ ಸೆಟ್‌ನಲ್ಲಿ 8-6ರಿಂದ ಗೆದ್ದು ಸತತ ಐದನೇ ಪ್ರಶಸ್ತಿ ಪಡೆದನು. 2001ರಲ್ಲಿ ವಿಶ್ವ ಕ್ರಮಾಂಕದಲ್ಲಿ 125ನೇ ಸ್ಥಾನದಲ್ಲಿದ್ದು ವೈಲ್ಡ್ ಕಾರ್ಡ್ ಮೂಲಕ ಪ್ರವೇಶಿಸಿದ ಗೊರಾನ್ ಇವಾನಿಸೆವಿಚ್, ಸೋಮವಾರಕ್ಕೆ ಮುಂದೂಡಲ್ಪಟ್ಟ ಫೈನಲ್‌ನಲ್ಲಿ ಪ್ಯಾಟ್ರಿಕ್ ರಾಫ್ಟರ್‌ನನ್ನು ಸೋಲಿಸಿದನು. 2008ರಲ್ಲಿ ಮುಸ್ಸಂಜೆಯ ಮಬ್ಬಿನಲ್ಲಿ ಮುಗಿದ ಫೈನಲ್‌ನಲ್ಲಿ ರಫೆಲ್ ನಡಾಲ್ ಐದನೇ ಸೆಟ್‌ನ್ನು 9-7ರಿಂದ ಗೆದ್ದು ರೋಜರ್ ಫೆಡರರ್‌ನ ಐದು ವರ್ಷಗಳ ಏಕಾಧಿಪತ್ಯಕ್ಕೆ ತೆರೆ ಎಳೆದನು.

2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೋಲಾ ಮಾಹು ನಡುವಿನ ಮೊದಲ ಸುತ್ತಿನ ಪಂದ್ಯ ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ನಡೆದು, ಕೊನೆಯ ಸೆಟ್ 70-68ರಲ್ಲಿ ಮುಗಿಯಿತು. ಇದು ಟೆನಿಸ್ ಇತಿಹಾಸದ ಅತಿ ದೀರ್ಘ ಪಂದ್ಯ. 2019ರಿಂದ ಅಂತಿಮ ಸೆಟ್‌ಗೂ ಟೈಬ್ರೇಕರ್ ಅನ್ವಯಿಸುವುದರಿಂದ ಇಂಥ ಪಂದ್ಯ ಮರುಕಳಿಸಲಾರದು. ಮಹಿಳೆಯರ ಸಿಂಗಲ್ಸ್‌ನಲ್ಲಿ ಮಾರ್ಟಿನಾ ನವ್ರಾಟಿಲೋವಾ ಗೆದ್ದ 9 ಪ್ರಶಸ್ತಿಗಳು ದಾಖಲೆಯಾಗಿವೆ. ಪುರುಷರಲ್ಲಿ ಫೆಡರರ್ 8 ಬಾರಿ ಗೆದ್ದಿದ್ದಾನೆ.

ಬದಲಾವಣೆ ಮತ್ತು ವಿವಾದ

ಸೆಂಟರ್ ಕೋರ್ಟ್‌ಗೆ 2009ರಲ್ಲಿ, 1ನೇ ಅಂಕಣಕ್ಕೆ 2019ರಲ್ಲಿ ಮುಚ್ಚಿ ತೆರೆಯುವ ಛಾವಣಿಗಳನ್ನು ನಿರ್ಮಿಸಲಾಯಿತು. ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನ ನೀಡುವ ಪದ್ಧತಿ 2007ರಲ್ಲಿ ಜಾರಿಗೆ ಬಂದಿತು; ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಈ ವಿಷಯದಲ್ಲಿ ವಿಂಬಲ್ಡನ್ ಕೊನೆಯದಾಗಿತ್ತು. ನಡುವಿನ ಭಾನುವಾರದ ಬಿಡುವು 2022ರಿಂದ ಸಂಪೂರ್ಣ ರದ್ದಾಯಿತು. ಯುಕ್ರೇನ್ ಯುದ್ಧದ ಕಾರಣ ಅದೇ ವರ್ಷ ರಷ್ಯಾ ಮತ್ತು ಬೆಲಾರೂಸ್ ಆಟಗಾರರನ್ನು ಹೊರಗಿಟ್ಟದ್ದು ತೀವ್ರ ಚರ್ಚೆಗೆ ಗುರಿಯಾಯಿತು. ವೃತ್ತಿಪರ ಸಂಸ್ಥೆಗಳು ಆ ಬಾರಿ ಶ್ರೇಯಾಂಕದ ಅಂಕಗಳನ್ನು ನೀಡಲಿಲ್ಲ.

2025ರಲ್ಲಿ ಗೆರೆ ತೀರ್ಪುಗಾರರ ಸ್ಥಾನವನ್ನು ವಿದ್ಯುನ್ಮಾನ ವ್ಯವಸ್ಥೆ ಆಕ್ರಮಿಸಿತು. ಆ ವರ್ಷವೇ ಒಂದು ಪಂದ್ಯದಲ್ಲಿ ವ್ಯವಸ್ಥೆಯ ಒಂದು ಭಾಗವನ್ನು ತಪ್ಪಾಗಿ ಆರಿಸಿದ್ದರಿಂದ ಗೆರೆಯಾಚೆ ಬಿದ್ದ ಚೆಂಡು ದಾಖಲಾಗಲಿಲ್ಲ. ಪಕ್ಕದ ಉದ್ಯಾನದ ಹಳೆಯ ಗಾಲ್ಫ್ ಮೈದಾನದಲ್ಲಿ 39 ಹೊಸ ಅಂಕಣಗಳನ್ನು ನಿರ್ಮಿಸುವ ಯೋಜನೆಗೆ 2024ರಲ್ಲಿ ಅನುಮತಿ ದೊರೆತರೂ, ಬಯಲು ಪ್ರದೇಶ ನಷ್ಟವಾಗುವುದೆಂದು ಸ್ಥಳೀಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು.

ಭಾರತೀಯರು ಮತ್ತು ವಿಂಬಲ್ಡನ್

1939ರಲ್ಲಿ ಗೌಸ್ ಮಹಮ್ಮದ್ ಕ್ವಾರ್ಟರ್ ಫೈನಲ್ ತಲುಪಿದ ಮೊದಲ ಭಾರತೀಯರಾದರು. ರಾಮನಾಥನ್ ಕೃಷ್ಣನ್ 1954ರಲ್ಲಿ ಬಾಲಕರ ಸಿಂಗಲ್ಸ್ ಗೆದ್ದರು. 1960 ಮತ್ತು 1961ರಲ್ಲಿ ಪುರುಷರ ಸೆಮಿಫೈನಲ್ ಪ್ರವೇಶಿಸಿ, ಆಯಾ ವರ್ಷದ ವಿಜೇತರಾದ ನೀಲ್ ಫ್ರೇಸರ್ ಮತ್ತು ರಾಡ್ ಲೇವರ್ ಅವರಿಗೆ ಸೋತರು. ಅವರ ಪುತ್ರ ರಮೇಶ್ ಕೃಷ್ಣನ್ 1979ರಲ್ಲಿ, ಲಿಯಾಂಡರ್ ಪೇಸ್ 1990ರಲ್ಲಿ ಬಾಲಕರ ಪ್ರಶಸ್ತಿ ಪಡೆದರು. ವಿಜಯ್ ಅಮೃತರಾಜ್ 1973 ಮತ್ತು 1981ರಲ್ಲಿ ಕ್ವಾರ್ಟರ್ ಫೈನಲ್ ಆಡಿದರು.

ಡಬಲ್ಸ್ ವಿಭಾಗಗಳಲ್ಲಿ ಭಾರತೀಯರು ಪಡೆದ ಪ್ರಶಸ್ತಿಗಳು:

- ಪುರುಷರ ಡಬಲ್ಸ್: ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ ಜೋಡಿ (1999)
- ಮಹಿಳೆಯರ ಡಬಲ್ಸ್: ಮಾರ್ಟಿನಾ ಹಿಂಗಿಸ್ ಜೊತೆಗೂಡಿ ಸಾನಿಯಾ ಮಿರ್ಜಾ (2015)
- ಮಿಶ್ರ ಡಬಲ್ಸ್: ಲಿಯಾಂಡರ್ ಪೇಸ್ (1999, 2003, 2010, 2015), ಮಹೇಶ್ ಭೂಪತಿ (2002, 2005)

ಕರ್ನಾಟಕದ ಕೊಡಗಿನವರಾದ ರೋಹನ್ ಬೋಪಣ್ಣ ಪುರುಷರ ಡಬಲ್ಸ್‌ನಲ್ಲಿ 2013, 2015 ಮತ್ತು 2023ರಲ್ಲಿ ಸೆಮಿಫೈನಲ್ ತಲುಪಿದರು. ಮೂರನೆಯ ಬಾರಿ ಅವರಿಗೆ 43 ವರ್ಷ. ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ (2017) ಮತ್ತು ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ (2024) ಪ್ರಶಸ್ತಿಗಳನ್ನು ಗೆದ್ದ ಅವರಿಗೆ ವಿಂಬಲ್ಡನ್ ಪ್ರಶಸ್ತಿ ಒಲಿದಿಲ್ಲ.

ಬೇಸಿಗೆಯಲ್ಲಿ ಲಂಡನ್ನಿನ ಸಮಯಕ್ಕೂ ಭಾರತದ ಸಮಯಕ್ಕೂ ನಾಲ್ಕೂವರೆ ಗಂಟೆಗಳ ಅಂತರವಿರುವುದರಿಂದ, ಸೆಂಟರ್ ಕೋರ್ಟ್‌ನಲ್ಲಿ ಮಧ್ಯಾಹ್ನ 1.30ಕ್ಕೆ ಆರಂಭವಾಗುವ ಆಟ ಭಾರತದಲ್ಲಿ ಸಂಜೆ 6 ಗಂಟೆಗೆ ಕಾಣಸಿಗುತ್ತದೆ. ಆಸ್ಟ್ರೇಲಿಯಾದ ಪಂದ್ಯಗಳಿಗಾಗಿ ನಸುಕಿನಲ್ಲಿ ಏಳುವ, ಅಮೆರಿಕದ ಪಂದ್ಯಗಳಿಗಾಗಿ ರಾತ್ರಿಯಿಡೀ ಎಚ್ಚರವಿರುವ ತೊಂದರೆ ಇದಕ್ಕಿಲ್ಲ. ಶಾಲೆ, ಕಚೇರಿಗಳಿಂದ ಮರಳಿದ ಮೇಲೆ ಮನೆಮಂದಿಯೆಲ್ಲ ಕೂಡಿ ನೋಡಲು ಸಾಧ್ಯವಾಗುವುದು ಭಾರತದ ಪ್ರೇಕ್ಷಕರು ವಿಂಬಲ್ಡನ್‌ನ್ನು ಮೆಚ್ಚಲು ಒಂದು ಸರಳ ಕಾರಣವಾಗಿದೆ.