ಅಳಿವೆಯ ಹೂಳಿಗೆ ಎಷ್ಟು ಹೆಸರು? ಮಂಗಳೂರು ಅಳಿವೆ ಬಾಗಿಲು ಮತ್ತು ಹೂಳೆತ್ತುವ ಅನುಮತಿಯ ಪರಿಭಾಷೆ

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ನಿಂತು ಬೋಟು ನಡೆಸುವ ತಾಂಡೇಲರೊಬ್ಬರನ್ನು ‘ಅಳಿವೆ ಬಾಗಿಲಲ್ಲಿ ನೀರು ಎಷ್ಟಿದೆ?’ ಎಂದು ಕೇಳಿದರೆ ಉತ್ತರ ಮೀಟರಿನಲ್ಲಿ ಬರುವುದಿಲ್ಲ, ಹೊತ್ತಿನಲ್ಲಿ ಬರುತ್ತದೆ: ಈಗ ಹೋಗಬಹುದು, ಇನ್ನೆರಡು ಗಂಟೆ ಕಳೆದರೆ ಆಗಲಿಕ್ಕಿಲ್ಲ. ಮೀನು ತುಂಬಿಕೊಂಡು ಬಂದ ಬೋಟು ಇಳಿತಕ್ಕೆ ಸಿಕ್ಕಿಕೊಂಡರೆ ಬಾಗಿಲ ಹೊರಗೆ ನಿಂತು ಉಬ್ಬರ ಕಾಯಬೇಕು. ಡೀಸೆಲ್ ಉರಿಯುತ್ತದೆ, ಐಸು ಕರಗುತ್ತದೆ, ಒಳಗೆ ದಕ್ಕೆಯಲ್ಲಿ ಹರಾಜು ಮುಗಿದಿರುತ್ತದೆ. ಕಾಯದೆ ನುಗ್ಗಿದರೆ ಅಡಿ ಮರಳಿಗೆ ತಾಗುತ್ತದೆ. ಇದೇ ಬಾಗಿಲು ಕಡತದೊಳಗೆ ಹೊಕ್ಕಾಗ ಘನ ಮೀಟರು, ಅಕ್ಷಾಂಶ, ರೇಖಾಂಶಗಳ ಭಾಷೆ ಕಲಿಯುತ್ತದೆ. ಹೂಳೆತ್ತಲು ಅನುಮತಿ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ತಡವಾಗುವುದನ್ನು ನಾವು ಸಾಮಾನ್ಯವಾಗಿ ಅಧಿಕಾರಿಗಳ ಉದಾಸೀನದ ಲೆಕ್ಕಕ್ಕೆ ಹಾಕುತ್ತೇವೆ. ಈ ಲೇಖನದ ವಾದ ಬೇರೆ. ಅಳಿವೆಯ ತಳದಲ್ಲಿರುವ ವಸ್ತು ಒಂದೇ. ಕಾನೂನು ಅದಕ್ಕೆ ಹಲವು ಹೆಸರಿಟ್ಟಿದೆ. ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದರ ಮೇಲೆ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂಬುದು ತೀರ್ಮಾನವಾಗುತ್ತದೆ.

ಮೊದಲು ಜಾಗದ ಮಾತು. ಪೂರ್ವದಿಂದ ಬರುವ ನೇತ್ರಾವತಿಯೂ, ಕಡಲಿಗೆ ತೀರ ಹತ್ತಿರ ಬಂದು ದಕ್ಷಿಣಕ್ಕೆ ತಿರುಗಿ ತೀರದ ಗುಂಟ ಹರಿಯುವ ಗುರುಪುರ ನದಿಯೂ ಒಂದೇ ಬಾಯಿಯಿಂದ ಅರಬ್ಬಿ ಸಮುದ್ರ ಸೇರುತ್ತವೆ. ಗುರುಪುರಕ್ಕೂ ಕಡಲಿಗೂ ನಡುವೆ ಉಳಿದ ಮರಳಿನ ಉದ್ದನೆಯ ನಾಲಿಗೆಯೇ ಬೆಂಗ್ರೆ. ಅಳಿವೆಯ ದಕ್ಷಿಣಕ್ಕೆ ಉಳ್ಳಾಲ. ಮಳೆಯ ನಾಲ್ಕು ತಿಂಗಳಲ್ಲಿ ಘಟ್ಟದ ಮಣ್ಣೂ ಮರಳೂ ಹೊಳೆಯೊಂದಿಗೆ ಇಳಿಯುತ್ತವೆ; ಅದೇ ತಿಂಗಳುಗಳಲ್ಲಿ ಕಡಲಿನ ಅಲೆ ಎದುರಿನಿಂದ ತಳ್ಳುತ್ತದೆ. ಎರಡರ ಗುದ್ದಾಟದಲ್ಲಿ ಹೊಳೆಯ ವೇಗ ಎಲ್ಲಿ ಸೋಲುತ್ತದೋ ಅಲ್ಲಿ ದಿಬ್ಬ ಹುಟ್ಟುತ್ತದೆ. ಹಾಗಾಗಿ ದಿಬ್ಬ ಒಂದು ವಸ್ತುವಲ್ಲ, ಒಂದು ನಡೆ. ಒಂದನ್ನು ತೆಗೆದರೆ ಇನ್ನೊಂದು ಬರುತ್ತದೆ, ಅದೂ ಅದೇ ಜಾಗದಲ್ಲಲ್ಲ.

ಈ ದಿಬ್ಬವೇ ಮಂಗಳೂರಿನ ಚರಿತ್ರೆಯ ಒಂದು ಭಾಗವನ್ನು ಬರೆದಿದೆ. ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕುತ್ತಿದ್ದವು. ಹಂಚು, ಕಾಫಿ, ಗೋಡಂಬಿ ದೋಣಿಯಲ್ಲಿ ಬಾಗಿಲು ದಾಟಿ ಹಡಗೇರುತ್ತಿದ್ದವು. ಆಳದ ಬಂದರು ಬೇಕೆಂದಾಗ ಅಳಿವೆಯನ್ನು ಬಿಟ್ಟು ಉತ್ತರಕ್ಕೆ ಪಣಂಬೂರಿನಲ್ಲಿ ತೀರವನ್ನೇ ಅಗೆದು ಕೊಳವೊಂದನ್ನು ಮಾಡಲಾಯಿತು. ನವಮಂಗಳೂರು ಬಂದರು 1974ರಲ್ಲಿ ಪ್ರಧಾನ ಬಂದರೆಂದು ಘೋಷಣೆಯಾಗಿ 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಹಳೆ ಬಂದರು ಮೀನುಗಾರಿಕೆಗೂ, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳಿಗೂ ಉಳಿಯಿತು. ಅಂದರೆ ಅನುಮತಿಯ ತೊಡಕು ಬಂದಿರುವುದು ಬಡ ಬಂದರಿಗೆ. ಪಣಂಬೂರಿನಲ್ಲಿ ವರ್ಷಾವಧಿ ಹೂಳೆತ್ತುವುದು ಬಂದರಿನ ದಿನಚರಿಯೊಳಗೇ ಸೇರಿಹೋಗಿದೆ. ಬಂದದ್ದು ಹೆಚ್ಚಾಗಿ ಕೆಸರು; ಕೊಳ್ಳುವವರಿಲ್ಲದ್ದರಿಂದ ಅದು ಕಡಲಿನಲ್ಲಿ ಗೊತ್ತುಮಾಡಿದ ಜಾಗಕ್ಕೆ ಹೋಗುತ್ತದೆ. ಕೊಳ್ಳುವವರಿಲ್ಲ ಎಂಬ ಮಾತನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಈಗ ಹೆಸರುಗಳಿಗೆ ಬರೋಣ. 1908ರ ಭಾರತೀಯ ಬಂದರುಗಳ ಅಧಿನಿಯಮ ಶತಮಾನಕ್ಕೂ ಹೆಚ್ಚು ಕಾಲ ಈ ನೀರನ್ನು ಆಳಿತು. ಅದರ ಕಣ್ಣಿನಲ್ಲಿ ದಾರಿ ತೆರವಾಗಿಡುವುದು ಬಂದರು ಅಧಿಕಾರಿಯ ಹೊಣೆ. ಹೂಳು ಒಂದು ಅಡ್ಡಿ, ಅಷ್ಟೆ. 1986ರ ಪರಿಸರ ಸಂರಕ್ಷಣಾ ಅಧಿನಿಯಮದ ಅಡಿ ಬಂದ ಅಧಿಸೂಚನೆಗಳಲ್ಲಿ ಚಿತ್ರ ತಿರುವುಮುರುವಾಗುತ್ತದೆ: ಅಲ್ಲಿ ಹೂಳು ಪರಿಸರದ ಅಂಗ, ಹೂಳೆತ್ತುವವನೇ ಅಡ್ಡಿ. ಒಂದು ಕಾನೂನು ಕರ್ತವ್ಯವೆಂದದ್ದನ್ನು ಇನ್ನೊಂದು ಸಮರ್ಥಿಸಿಕೊಳ್ಳಬೇಕಾದ ಕೃತ್ಯವಾಗಿ ಕಂಡಿತು. ಎರಡೂ ತಪ್ಪಲ್ಲ. ಆದರೆ ಎರಡನ್ನೂ ಒಂದೇ ಹಾಳೆಯಲ್ಲಿಟ್ಟು ಹೊಂದಿಸುವ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ.

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಗೆ 2009ರ ಡಿಸೆಂಬರ್ 1ರಂದು ತಂದ ತಿದ್ದುಪಡಿ ಬಂದರುಗಳ ಸಾಲಿಗೆ ಹೂಳೆತ್ತುವಿಕೆಯನ್ನೂ ಸೇರಿಸಿತು. ಸೇರಿಸುವಾಗಲೇ ಅದನ್ನು ಎರಡಾಗಿ ಸೀಳಿತು. ಹೊಸದಾಗಿ ಆಳ ಮಾಡುವುದು ‘ಬಂಡವಾಳ ಹೂಳೆತ್ತುವಿಕೆ’. ಬಂದರಿನ ಒಳಗಾಗಲಿ ಹೊರಗಾಗಲಿ, ಇದಕ್ಕೆ ಪೂರ್ವಾನುಮತಿ ಬೇಕು. ಇದ್ದ ಆಳವನ್ನು ಉಳಿಸಿಕೊಳ್ಳುವುದು ‘ನಿರ್ವಹಣಾ ಹೂಳೆತ್ತುವಿಕೆ’, ಇದಕ್ಕೆ ವಿನಾಯಿತಿ. ಆದರೆ ವಿನಾಯಿತಿಗೊಂದು ಷರತ್ತಿದೆ: ಯಾವ ಮೂಲ ಯೋಜನೆಗೆ ಪರಿಸರ ನಿರ್ವಹಣಾ ಯೋಜನೆ ತಯಾರಾಗಿ ಅನುಮತಿ ದೊರೆತಿತ್ತೋ, ಅದರ ಭಾಗವಾಗಿ ಈ ಕೆಲಸ ಇರಬೇಕು.

ನನ್ನ ಪ್ರಕಾರ ಇಡೀ ತೊಡಕಿನ ಗಂಟು ಇಲ್ಲಿದೆ. ಪರಿಸರ ಅನುಮತಿ ಎಂಬ ಕಡ್ಡಾಯ ವ್ಯವಸ್ಥೆಯೇ ಶುರುವಾದದ್ದು 1994ರ ಜನವರಿಯಲ್ಲಿ. ಅದಕ್ಕೂ ಶತಮಾನಗಳ ಮೊದಲಿನಿಂದ ನಡೆದು ಬಂದ ಬಂದರಿಗೆ ‘ಮೂಲ ಯೋಜನೆ’ ಎಲ್ಲಿಂದ ಬರಬೇಕು? ಅಜ್ಜನಿಗೆ ಜನನ ಪ್ರಮಾಣಪತ್ರ ಕೇಳಿದ ಹಾಗಾಯಿತು. ಪತ್ರವಿಲ್ಲದ್ದರಿಂದ ಹಳೆ ಬಂದರಿನಲ್ಲಿ ವರ್ಷವರ್ಷವೂ ಮಾಡಬೇಕಾದ ಸಾಮಾನ್ಯ ಕೆಲಸವನ್ನೂ ಹೊಸ ಯೋಜನೆಯೆಂದೇ ನೋಡುವ ಒತ್ತಡ ಹುಟ್ಟುತ್ತದೆ. ಇನ್ನು ‘ಇದ್ದ ಆಳ’ ಯಾವುದು? ಕಳೆದ ವರ್ಷದ್ದೇ, ಜೆಟ್ಟಿ ಕಟ್ಟಿದ ವರ್ಷದ್ದೇ? ವರ್ಷಗಟ್ಟಲೆ ಹೂಳೆತ್ತದೆ ಬಿಟ್ಟ ಕಾಲುವೆಯಲ್ಲಿ ನಿರ್ವಹಣೆ ಎಲ್ಲಿಗೆ ಮುಗಿದು ಬಂಡವಾಳ ಎಲ್ಲಿ ಶುರುವಾಗುತ್ತದೆಂದು ತೋರಿಸುವ ಗೆರೆ ಮರಳಿನಲ್ಲಿಲ್ಲ. ಹಳೆಯ ಆಳದ ನಕ್ಷೆಯೊಂದೇ ಇಲ್ಲಿ ಸಾಕ್ಷಿಯಾಗಬಲ್ಲದು.

ಜೊತೆಗೆ ಇದು ಬಂದರೂ ಹೌದು, ನದಿಯೂ ಹೌದು. ನದಿ, ಕಾಲುವೆ, ಜಲಾಶಯಗಳ ನಿರ್ವಹಣೆಗಾಗಿ ಮಾಡುವ ಹೂಳೆತ್ತುವಿಕೆಗೆ 2016ರ ಜನವರಿಯ ತಿದ್ದುಪಡಿ ವಿನಾಯಿತಿ ಕೊಟ್ಟಿದೆ. ಅದೇ ವರ್ಷದ ರಾಷ್ಟ್ರೀಯ ಜಲಮಾರ್ಗಗಳ ಅಧಿನಿಯಮದ ಪಟ್ಟಿಯಲ್ಲಿ ಗುರುಪುರ 43ನೆಯದು, ನೇತ್ರಾವತಿ 74ನೆಯದು. ಹಾಗಾದರೆ ಅಳಿವೆಯ ನೂರು ಮೀಟರ್ ಒಳಗಿನ ಕಾಲುವೆ ನದಿಯೇ, ಬಂದರೇ, ಜಲಮಾರ್ಗವೇ? ಮೂರೂ ಎನ್ನಲು ಅಡ್ಡಿಯಿಲ್ಲ.

2019ರ ಹೊಸ ಅಧಿಸೂಚನೆ ಬರುವ ಮುಂಚಿನ, 2011ರ ಜನವರಿ 6ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯನ್ನು ನಿಧಾನವಾಗಿ ಓದಿದರೆ ಈ ಒಡಕು ಒಂದೇ ಪರಿಚ್ಛೇದದೊಳಗೆ ಕಾಣುತ್ತದೆ. ನಿಷೇಧಗಳನ್ನು ಪಟ್ಟಿ ಮಾಡುವ ಮೂರನೆಯ ಪರಿಚ್ಛೇದವು ಕಡಲ ನೀರಿನ ಸಹಜ ಹರಿವಿಗೆ ಅಡ್ಡಿಪಡಿಸುವುದನ್ನು ನಿಷೇಧಿಸಿ, ಹಿಂದೆಯೇ ಕೆಲವು ಅಪವಾದಗಳನ್ನು ಹೇಳುತ್ತದೆ. ಜಲಮಾರ್ಗ, ಕಾಲುವೆ, ಬಂದರುಗಳ ನಿರ್ವಹಣೆ ಅಥವಾ ತೆರವು ಅದರಲ್ಲೊಂದು. ಆದರೆ ಪರಿಸರ ಪರಿಣಾಮ ಅಧ್ಯಯನದ ಆಧಾರದ ಮೇಲೆ. ಮರಳು ದಿಬ್ಬ ತಡೆಯುವ ಕ್ರಮಗಳು ಇನ್ನೊಂದು. ಇನ್ನೂ ಸ್ವಲ್ಪ ಕೆಳಗೆ ಬಂದರೆ ಮರಳಿನ ಗಣಿಗಾರಿಕೆಗೆ ನಿಷೇಧ. ಒಂದು ಅಧಿಸೂಚನೆ ನಿರ್ವಹಣೆಗೆ ಅಧ್ಯಯನ ಬೇಡವೆನ್ನುತ್ತದೆ, ಇನ್ನೊಂದು ಬೇಕೆನ್ನುತ್ತದೆ. ಹೊಳೆಯೊಳಗೆ ಈ ವಲಯದ ಗಡಿಯೂ ಸ್ವಾರಸ್ಯದ್ದು: ಅತ್ಯಂತ ಒಣ ಕಾಲದಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ ಐದು ಭಾಗ ಇರುವಲ್ಲಿಯವರೆಗೆ. ಬೇಸಿಗೆಯಲ್ಲಿ ಬಾಯಿಗೆ ಹಾಕಿಕೊಂಡ ನೀರು ಉಪ್ಪೆನಿಸಿದರೆ ಒಂದು ಕಾನೂನು, ಸಿಹಿಯೆನಿಸಿದರೆ ಇನ್ನೊಂದು.

ನಿಷೇಧದ ಬಿಗಿ ಹೆಚ್ಚಾದಾಗ 2011ರ ನವೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಕಚೇರಿ ಜ್ಞಾಪನ ಹೊರಡಿಸಿತು. ಸಾಂಪ್ರದಾಯಿಕ ಕರಾವಳಿ ಸಮುದಾಯದವರು, ಯಂತ್ರವಿಲ್ಲದ ದೋಣಿಯಲ್ಲಿ, ಬುಟ್ಟಿಯಿಂದ, ಕೈಯಿಂದಲೇ ದಿಬ್ಬದ ಮರಳು ತೆಗೆಯಬಹುದು. ಗುರುತಿಸಿ ಅನುಮತಿ ಕೊಡಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ. ದಿಬ್ಬ ತೆಗೆಯಲು ಕೊಟ್ಟ ಕಾರಣ ಸಂಚಾರದ ತಡೆ. ತೆಗೆದ ಮರಳು ಹೋದದ್ದು ಕಟ್ಟಡ ಕೆಲಸಕ್ಕೆ. ಕಾರಣ ಒಂದು, ಬೆಲೆ ಇನ್ನೊಂದರದು. ಇದರ ತಾರ್ಕಿಕ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ: ಒಳ್ಳೆಯ ಮರಳಿರುವ ದಿಬ್ಬವನ್ನು ಗುರುತಿಸಲು ಉತ್ಸಾಹ ಇರುತ್ತದೆ, ಅದು ಯಾವ ಬೋಟಿಗೂ ಅಡ್ಡಿಯಾಗದಿದ್ದರೂ; ಬಾಗಿಲಲ್ಲೇ ಕೂತ ಕೆಸರು ಬೆರೆತ ದಿಬ್ಬಕ್ಕೆ ಅರ್ಜಿದಾರನೇ ಇರುವುದಿಲ್ಲ. ಅಲ್ಲಿ ಬುಟ್ಟಿಯೂ ಸಾಲದು, ಯಂತ್ರವೇ ಬೇಕು. ಯಂತ್ರ ಬಂದರೆ ಜ್ಞಾಪನದ ರಕ್ಷೆ ತಪ್ಪುತ್ತದೆ. ಪಣಂಬೂರಿನ ಕೊಳ್ಳುವವರಿಲ್ಲದ ಕೆಸರು ಮತ್ತು ಹೊಳೆಯ ಕೊಳ್ಳುವವರಿರುವ ಮರಳು ಎರಡು ಬೇರೆ ಆಡಳಿತಗಳಾದದ್ದು ಹೀಗೆ.

ಮೇಲೆತ್ತಿದ ಮೇಲೆ ಅದೇ ಮರಳು ಉಪಖನಿಜ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ರಾಜಧನ ಬರಬೇಕು. ಅಗೆದ ಮಣ್ಣು ಖನಿಜವಾಗುವುದು ಅದರ ಉಪಯೋಗದಿಂದ, ಅಗೆದ ಮಾತ್ರಕ್ಕಲ್ಲ ಎಂಬ ದಿಕ್ಕಿನಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಮಹಾರಾಷ್ಟ್ರದ ಕಟ್ಟಡ ನಿರ್ಮಾಣಗಾರರ ಪ್ರಕರಣದಲ್ಲಿ ಹೇಳಿತ್ತು. ತಳಪಾಯಕ್ಕೆ ಅಗೆದ ಮಣ್ಣಿನ ವಿಷಯ ಅದು. ಅಳಿವೆಗೆ ಆ ತರ್ಕವನ್ನು ನೇರವಾಗಿ ತರಲಾಗದಿದ್ದರೂ ಉದ್ದೇಶವೇ ಹೆಸರಿಡುತ್ತದೆ ಎಂಬ ಸೂತ್ರ ಇಲ್ಲಿಗೂ ಉಪಯುಕ್ತ.

ಇಷ್ಟೂ ಹೆಸರುಗಳು ಬಿಟ್ಟ ಒಂದು ಲೆಕ್ಕವಿದೆ. ಉಳ್ಳಾಲದ ಕಡಲ್ಕೊರೆತಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಲಾಯಿತು. ಅಳಿವೆಯಲ್ಲಿ ದಿಬ್ಬ ಬೇಡ, ಪಕ್ಕದ ತೀರಕ್ಕೆ ದಿಬ್ಬ ಬೇಕು! ತೀರದ ಮರಳು ಋತುವಿಗೆ ತಕ್ಕಂತೆ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತದೆ. ಅಳಿವೆಯಿಂದ ಲಾರಿಯಲ್ಲಿ ಒಯ್ದ ಮರಳು ಆ ಸಂಚಾರದಿಂದ ಶಾಶ್ವತವಾಗಿ ಕಳೆದುಹೋಗುತ್ತದೆ. ಹೂಳು ಎಲ್ಲಿಂದ ತೆಗೆಯುತ್ತೀರಿ ಎಂದು ಕೇಳುವಷ್ಟೇ ಗಟ್ಟಿಯಾಗಿ ಎಲ್ಲಿ ಹಾಕುತ್ತೀರಿ ಎಂದು ಅನುಮತಿ ಪತ್ರ ಕೇಳಬೇಕು. ಕೊಚ್ಚಿಹೋಗುವ ತೀರಕ್ಕೇ ಶುದ್ಧ ಮರಳನ್ನು ಮರಳಿಸುವುದು ಅಗ್ಗದ ಉತ್ತರವಲ್ಲದಿರಬಹುದು, ಪರಿಶೀಲನೆಗೆ ಅರ್ಹವಾದದ್ದು. ತಳದಲ್ಲಿ ಬದುಕುವ ಚಿಪ್ಪುಜೀವಿ ಮರುವಾಯಿಯನ್ನೂ ಲೆಕ್ಕಕ್ಕೆ ತರಬೇಕು. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ಬಾಗಿ, ಕಾಲಿನಿಂದ ತಡವಿ, ಕೈಯಿಂದ ಬುಟ್ಟಿಗೆ ತುಂಬುವವರಿಗೆ ಆಳವಿಲ್ಲದ ಆ ಮರಳುಹಾಸೇ ಅನ್ನದ ಬಟ್ಟಲು. ಬೋಟಿನವರ ಅಡ್ಡಿ ಅವರ ಗದ್ದೆ.

ಅನುಮತಿಯ ಪಂಚಾಂಗಕ್ಕೂ ಕಡಲಿನ ಪಂಚಾಂಗಕ್ಕೂ ಹೊಂದಿಕೆಯಿಲ್ಲ. ದಿಬ್ಬ ಹೊಸದಾಗಿ ಮೂಡುವುದು ಮಳೆಗಾಲದಲ್ಲಿ. ಮಳೆಗೆ ಮುಂಚೆ ಆಳ ಅಳೆದು ಬರೆದ ನಕ್ಷೆ ಸೆಪ್ಟೆಂಬರ್ ಹೊತ್ತಿಗೆ ಇಲ್ಲದ ದಿಬ್ಬದ ಚಿತ್ರ. ಮಳೆ ನಿಂತ ಮೇಲೆ ಅಳೆಯಲು ಹೊರಟರೆ ಸಮೀಕ್ಷೆ, ಸಮಿತಿ, ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ, ಟೆಂಡರು ಎಂದು ಕೆಲಸದ ತಿಂಗಳುಗಳೇ ಸವೆಯುತ್ತವೆ. ಮಂಜಿಗಳ ಮಳೆಗಾಲದ ಸಂಚಾರ ನಿಷೇಧ ಮುಗಿಯುವುದು ಸೆಪ್ಟೆಂಬರ್ 15ಕ್ಕೆ. ಯಾಂತ್ರಿಕ ಮೀನುಗಾರಿಕೆಯದು ಅದಕ್ಕೂ ಮೊದಲು, ಜುಲೈ 31ಕ್ಕೆ. ಆಗಸ್ಟ್ ಮೊದಲ ವಾರ ಹೊಳೆ ಇನ್ನೂ ಕೆಂಪಾಗಿಯೇ ಇರುತ್ತದೆ. 61 ದಿನ ಕಟ್ಟಿಹಾಕಿದ್ದ ಬೋಟುಗಳು ಹಗ್ಗ ಬಿಚ್ಚಿ ಸಾಲಾಗಿ ಬಾಗಿಲ ಕಡೆ ಹೊರಡುತ್ತವೆ. ಆ ವರ್ಷದ ದಿಬ್ಬ ಯಾವ ನಕ್ಷೆಯಲ್ಲೂ ಇನ್ನೂ ಇರುವುದಿಲ್ಲ. ಎದುರಿನ ಅಲೆ ಎಲ್ಲಿ ಬಿಳಿಯಾಗಿ ಒಡೆಯುತ್ತದೆ ಎಂದು ನೋಡಿಕೊಂಡು ಮುಂದಿನ ಬೋಟಿನ ತಾಂಡೇಲ ಚುಕ್ಕಾಣಿ ತಿರುಗಿಸುತ್ತಾನೆ, ಹಿಂದಿನವರು ಅವನ ಜಾಡು ಹಿಡಿಯುತ್ತಾರೆ.