ಪುನ್ನಾಟದ ಕಲ್ಲು, ಅಗೆದವರ ಕೈ

ರೋಮ್ ಎಲ್ಲಿ, ಹುಣಸೂರು ಎಲ್ಲಿ? ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಸೀಮೆಯ ಕೇರಿಗಳಿಂದ ಬಂದು ಮೊದಲ ಸಲ ಡಿಗ್ರಿ ಹಿಡಿದ ನಮಗೆ, ಚರಿತ್ರೆ ಅಂದ್ರೆ ಯಾವಾಗ್ಲೂ ಬೇರೆಯವರ ಊರಿನ ಮಾತು. ಆದರೆ ಗೆಳೆಯರೇ, ನಂಟು ಐತೆ.

ಕ್ರಿ.ಶ. 2ನೇ ಶತಮಾನದಲ್ಲಿ ಟಾಲೆಮಿ ತನ್ನ ಭೂಗೋಳದಲ್ಲಿ 'ಪೌನ್ನಾಟ' ಎಂಬ ಹೆಸರು ಬರೆದು, ಅಲ್ಲಿ ಬೆರಿಲ್ ಕಲ್ಲು ಸಿಗುತ್ತದೆ ಎಂದ. ಅದು ನಮ್ಮ ಪುನ್ನಾಟವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅದರ ರಾಜಧಾನಿ ಕೀರ್ತಿಪುರ; ಅಂದರೆ ಹೆಗ್ಗಡದೇವನಕೋಟೆ ಕಡೆ, ಕಬಿನಿ ದಂಡೆಯ ಕಿತ್ತೂರು. ಗಂಗರ ಅವಿನೀತ ಪುನ್ನಾಟದ ರಾಜಕುಮಾರಿಯನ್ನು ಮದುವೆಯಾದ. ಮಗ ದುರ್ವಿನೀತನ ಕಾಲಕ್ಕೆ ನಾಡು ಗಂಗರ ಪಾಲಾಯಿತು.

ಚಿತ್ರದುರ್ಗದ ಚಂದ್ರವಳ್ಳಿಗೆ ಹೋದವರು ಮಯೂರಶರ್ಮನ ಬಂಡೆಶಾಸನ ನೋಡಿರುತ್ತಾರೆ. ಎಂ.ಎಚ್. ಕೃಷ್ಣ ಓದಿದ ಪ್ರಕಾರ ಅದರಲ್ಲೂ ಪುನ್ನಾಟದ ಹೆಸರಿದೆ. ಅದೇ ಚಂದ್ರವಳ್ಳಿಯ ಮಣ್ಣಲ್ಲಿ ಸಾತವಾಹನರ ನಾಣ್ಯದ ಜೊತೆ ರೋಮಿನ ಟೈಬೀರಿಯಸ್ ದೊರೆಯ ಬೆಳ್ಳಿ ನಾಣ್ಯವೂ ಸಿಕ್ಕಿತು. 1947ರಲ್ಲಿ ವೀಲರ್ ಕೂಡ ಅಲ್ಲಿ ಅಗೆಸಿದ.

ಭಾರತ ಪ್ರತಿ ವರ್ಷ 5 ಕೋಟಿ ಸೆಸ್ಟರ್ಸ್ ಹಣ ಹೀರುತ್ತದೆ ಎಂದು ರೋಮಿನ ಪ್ಲಿನಿ ಗೋಳಾಡಿದ. ಬೆರಿಲ್ ಭಾರತ ಬಿಟ್ಟರೆ ಬೇರೆ ಕಡೆ ಅಪರೂಪ ಎಂದೂ ಬರೆದ. ಸರಿ, ಆ ಹಣ ಯಾರ ಮಡಿಲು ಸೇರಿತು? ಕಲ್ಲು ಕೊಂಡವನ ಕೊರಳು ಗೊತ್ತು, ತೆರಿಗೆ ತಿಂದ ದೊರೆಯ ವಂಶಾವಳಿ ತಾಮ್ರಪಟದಲ್ಲಿ ಉಂಟು. ಗುಂಡಿಗೆ ಇಳಿದು ಕಲ್ಲು ಎತ್ತಿದವನ ಹೆಸರು? ಯಾವ ಪಟದಲ್ಲೂ ಇಲ್ಲ. ಅವನು ನಮ್ಮವನೇ ಎಂದು ಸಾಕ್ಷಿ ಕೇಳಿದರೆ ನಮ್ಮ ಹತ್ತಿರ ಶಾಸನವಿಲ್ಲ. ಹೆಸರಿಲ್ಲದವರೆಲ್ಲ ನಮ್ಮವರು ಎಂಬ ಲೆಕ್ಕ ಮಾತ್ರ ಇದೆ.

ಇಟಲಿಯಲ್ಲಿ ಪಾಂಪೆಯ ಹೊರಗೆ, ಹಳ್ಳಿಗಾಡಿನ ಒಂದು ಬಂಗಲೆಯಲ್ಲಿ 2021ರಲ್ಲಿ ಗುಲಾಮರ ಕೋಣೆ ಸಿಕ್ಕಿತು. ಮೂರು ಮಂಚ, ಒಂದು ಮಗುವಿನ ಅಳತೆಯದು. ಒಡೆಯನ ಚಿತ್ರದ ಗೋಡೆಯಷ್ಟೇ ಜೋಪಾನವಾಗಿ ಆ ಹಗ್ಗದ ಮಂಚದ ಅಚ್ಚನ್ನೂ ತೆಗೆದರು. ಹುಡುಕಿದರೆ ಆಳಿನ ಚರಿತ್ರೆಯೂ ಮಣ್ಣಲ್ಲಿ ಸಿಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮಲ್ಲಿ ಆದದ್ದು ಬೇರೆ. 1974ಕ್ಕೆ ಕಬಿನಿ ಅಣೆಕಟ್ಟು ಮುಗಿಯಿತು. ಹಳೆಯ ಕಿತ್ತೂರು ನೀರಿನಡಿ ಹೋಯಿತು. ರಾಜಧಾನಿ ಮಾತ್ರ ಮುಳುಗಲಿಲ್ಲ. ಒಕ್ಕಲ ಹೊಲ, ಹೊಲೆಗೇರಿ, ಜೇನುಕುರುಬರ, ಕಾಡುಕುರುಬರ ಹಾಡಿ ಎಲ್ಲ ಮುಳುಗಿದವು. ಕಾಲುವೆ ನೀರು ನಂಜನಗೂಡು, ತಿ. ನರಸೀಪುರದ ಕಡೆ ಹರಿಯಿತು. ಪುನ್ನಾಟದ ಕಲ್ಲು ಹೋದ ಹಾಗೇ ಪುನ್ನಾಟದ ನೀರೂ ಹೋಯಿತು. ಗದ್ದೆ ಹಸಿರಾಗಿದ್ದು ಸುಳ್ಳಲ್ಲ. ನೆಲ ಬಿಟ್ಟವರ ಪಾಲು ಎಷ್ಟು ಅನ್ನೋದು ನಮ್ಮ ಪ್ರಶ್ನೆ.

ಹಳ್ಳಿ ಮೇಷ್ಟ್ರುಗಳೇ, ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗಿ, ಬೇಡ ಅನ್ನಲ್ಲ. ಒಂದು ಸಲ ಬೇಸಿಗೆಯಲ್ಲಿ, ನೀರು ಇಳಿದಾಗ, ಕಬಿನಿ ದಂಡೆಗೂ ಕರೆತನ್ನಿ. ಟಾಲೆಮಿ ಬರೆದ ಹೆಸರು ಹೇಳಿಕೊಡಿ. ಆಮೇಲೆ ಮುಳುಗಡೆಯಿಂದ ಎದ್ದು ಬಂದ ಅಜ್ಜಿಯರನ್ನು ಮಾತಾಡಿಸಿ. ಅವರ ಬಾಯಲ್ಲಿರುವ ಹೊಲದ ಹೆಸರು, ಕೆರೆ ಹೆಸರು, ಹಾಡಿ ಹೆಸರನ್ನು ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಸಿ. ಅವರು ಹೋಗುವ ಮೊದಲೇ ಬರೆಸಿ.